ತಲೆ ಮೇಲಿನ ತೊಲೆ ಸುಮ್ಮನೆ ಕೂತಿಲ್ಲ

ಹಳೇ ಮನೆ ರಿಪೇರಿಗೆ ಕೈಹಾಕಿದ್ದೀರಿ ಅಂತ ಗೊತ್ತಾದರೆ ಸಾಕು, ಬಂದವರೆಲ್ಲ ಮೊದಲು ತಲೆ ಎತ್ತಿ ನೋಡುತ್ತಾರೆ. ಆಮೇಲೆ ಒಂದೇ ಮಾತು: "ಹೇಗೂ ಖರ್ಚು ಮಾಡ್ತಿದ್ದೀರಿ, ಮಾಡನ್ನು (ಛಾವಣಿಯನ್ನು) ಒಂದೆರಡು ಅಡಿ ಎತ್ತರ ಮಾಡಿಸಿಬಿಡಿ." ಗೋವಾದಲ್ಲಿ ಮನೆ ತಗೊಂಡ ಮೇಲೆ ಈ ಮಾತನ್ನು ಕನ್ನಡ, ಕೊಂಕಣಿ, ಮರಾಠಿ, ಹಿಂದಿ ಎಲ್ಲದರಲ್ಲೂ ಕೇಳಿದ್ದೇನೆ. ಹೇಳಿದವರ ಕಾಳಜಿ ನಿಜವಾದದ್ದೇ. ತಗ್ಗು ಮಾಡಿನ ಕೆಳಗೆ ದಿನ ಕಳೆಯುವುದು ಕಷ್ಟ. ಸೆಕೆ ಜಾಸ್ತಿ, ಬೆಳಕು ಕಡಿಮೆ, ನಾಲ್ಕು ಜನ ಸೇರಿದರೆ ಉಸಿರು ಕಟ್ಟಿದ ಹಾಗೆ ಆಗುತ್ತದೆ. ಆದರೆ ಆ ಎತ್ತರ ಎಲ್ಲಿಂದ ಬರುತ್ತದೆ, ಅದಕ್ಕಾಗಿ ಮನೆಯ ಯಾವ ಭಾಗ ಏನನ್ನು ಕಳೆದುಕೊಳ್ಳುತ್ತದೆ ಅಂತ ಯಾರೂ ಬಿಡಿಸಿ ಹೇಳುವುದಿಲ್ಲ. ಇದೇ ಯೋಚನೆಯಲ್ಲಿರುವ ಕನ್ನಡದವರು ಈ ಕಡೆ ಬಹಳ ಜನ ಇದ್ದಾರೆ. ಅವರಿಗೋಸ್ಕರ ಇಷ್ಟುದ್ದ ಬರೆಯುತ್ತಿದ್ದೇನೆ.

ನಮ್ಮ ಮನೆ ಇರುವುದು ಮಡಗಾಂವ್‌ನಿಂದ ಸ್ವಲ್ಪ ಒಳಗೆ, ಸಾಷ್ಟಿ ತಾಲೂಕಿನ ಒಂದು ಹಳ್ಳಿಯಲ್ಲಿ. ಚಿರೇಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ದಪ್ಪ ಗೋಡೆ, ಮೇಲೆ ಮಂಗಳೂರು ಹಂಚು, ಎದುರಿಗೆ ಕೂರಲು ಕಲ್ಲಿನ ಕಟ್ಟೆ ಇರುವ ಬಲ್ಕಾಂವ್ ಅನ್ನುವ ಜಗಲಿ, ಹಿಂದೆ ಅಡುಗೆಮನೆ, ಅದರಾಚೆ ಬಾವಿ. ನಾವು ಕುಮಟಾ ಕಡೆಯವರು, ಇಂಥ ಮನೆ ನಮಗೆ ಹೊಸದಲ್ಲ. ಮಂಗಳೂರಿನಲ್ಲಿ ಬಾಸೆಲ್ ಮಿಶನ್‌ನವರು 1860ರ ದಶಕದಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಆ ಹಂಚು ಕರಾವಳಿ ಉದ್ದಕ್ಕೂ ಹರಡಿತು. ನಮ್ಮ ಅಜ್ಜನ ಮನೆಗೂ ಅದೇ, ಇಲ್ಲಿನ ಮನೆಗೂ ಅದೇ. ಮಾಡಿನ ಮರ ಮತ್ತಿ. ಗೋವಾದ ರಾಜ್ಯವೃಕ್ಷವೂ ಅದೇ ಮತ್ತಿ.

ಮನೆ ನೋಡಲು ಬಂದಾಗ ಹಜಾರದಲ್ಲಿ ಪ್ಲೈವುಡ್‌ನ ಫಾಲ್ಸ್ ಸೀಲಿಂಗ್ ಇತ್ತು. ನೆಲದಿಂದ 8 ಅಡಿ. ನಮ್ಮನೆಯವರು ಸ್ವಲ್ಪ ಎತ್ತರದ ಆಳು, ತುದಿಗಾಲಲ್ಲಿ ನಿಂತು ಕೈ ಎತ್ತಿದರೆ ಬೆರಳು ತಾಗುತ್ತಿತ್ತು. ಮೊದಲಿದ್ದವರು ಎಸಿ ಹಾಕಿಸಿಕೊಂಡಿದ್ದರು. ತಣ್ಣಗೆ ಮಾಡಬೇಕಾದ ಗಾಳಿ ಕಡಿಮೆ ಇರಲಿ ಅಂತ ಸೀಲಿಂಗ್ ಇಳಿಸಿದ್ದರು. ಎಸಿ ಇರುವ ಕೋಣೆಗೆ ಅದು ಸರಿಯಾದ ಲೆಕ್ಕವೇ. ನ್ಯಾಷನಲ್ ಬಿಲ್ಡಿಂಗ್ ಕೋಡ್ ಕೂಡ ವಾಸದ ಕೋಣೆಗೆ ಕನಿಷ್ಠ 2.75 ಮೀಟರ್, ಅಂದರೆ 9 ಅಡಿ ಎತ್ತರ ಇರಬೇಕು ಅನ್ನುತ್ತದೆ. ಎಸಿ ಇದ್ದರೆ 2.4 ಮೀಟರ್ ಸಾಕು ಅನ್ನುತ್ತದೆ. ಇಳಿಜಾರು ಮಾಡಿನ ಮನೆಗೆ ಬೇರೆ ಅಳತೆ: ಸರಾಸರಿ 2.75 ಮೀಟರ್ ಇರಬೇಕು. ಈ ಸರಾಸರಿ ಅಳತೆ ನೆನಪಿಡಿ, ಅಡುಗೆಮನೆ ವಿಷಯಕ್ಕೆ ಬಂದಾಗ ಬೇಕಾಗುತ್ತದೆ.

ನಮಗೆ ಎಸಿ ಬೇಕಿರಲಿಲ್ಲ. ಸೀಲಿಂಗ್ ಬಿಚ್ಚಿಸಿದೆವು. ಬಿದ್ದ ಧೂಳು, ಬಾವಲಿ ಹಿಕ್ಕೆ, ಇಲಿ ಗೂಡು, ಒಡೆದ ಹಂಚಿನ ಚೂರು ಬುಟ್ಟಿಗಟ್ಟಲೆ ಹೊರಗೆ ಹೋಯಿತು. ಆಮೇಲೆ ಮೇಲೆ ನೋಡಿದರೆ ಮನೆಯೇ ಬೇರೆ. ಗೋಡೆಯ ತಲೆ 9.5 ಅಡಿಯಲ್ಲಿದೆ. ಕೋಣೆ 16 ಅಡಿ ಅಗಲ, ಮಾಡಿನ ಇಳಿಜಾರು 30 ಡಿಗ್ರಿ. ಹಾಗಾದರೆ ಗೋಡೆಯ ತಲೆಯಿಂದ ಮಾಡಿನ ನೆತ್ತಿ ಇನ್ನೂ ನಾಲ್ಕೂವರೆ ಅಡಿ ಮೇಲೆ. ಒಟ್ಟು 14 ಅಡಿ! ಒಂದು ಕಲ್ಲು ಇಡದೆ, ಒಂದು ಚೀಲ ಸಿಮೆಂಟ್ ಕಲಸದೆ ಇಷ್ಟು ಎತ್ತರ ಸಿಕ್ಕಿತು. ಅದು ಮೊದಲಿಂದಲೂ ಅಲ್ಲೇ ಇತ್ತು, ಮುಚ್ಚಿಹೋಗಿತ್ತು ಅಷ್ಟೇ.

ಪುಣೆಯ ಸದಾಶಿವ ಪೇಟೆಯಲ್ಲಿರುವ ನನ್ನ ಗೆಳತಿಯ ಅನುಭವವೂ ಇದೇ. ಹಳೇ ವಾಡೆಯ ಒಂದು ಭಾಗದಲ್ಲಿ ಅವಳ ಮನೆ. ಪಿಒಪಿ ಸೀಲಿಂಗ್ ತೆಗೆಸಿದಾಗ ಮೇಲೆ ಸಾಗವಾನಿ ಜಂತೆ, ಅದರ ಮೇಲೆ ಹಲಗೆ ಜೋಡಿಸಿದ ಕಡೀಪಾಟ್ ಸಿಕ್ಕಿತು. ಒಂದೂಕಾಲು ಅಡಿ ಎತ್ತರ ಪುಕ್ಕಟೆ. ಎತ್ತರ ಬೇಕು ಅನ್ನುವವರಿಗೆ ನಾನು ಮೊದಲು ಹೇಳುವುದು ಇದನ್ನೇ: ಏನನ್ನೂ ಕಟ್ಟುವ ಮೊದಲು ಸೀಲಿಂಗ್‌ನಲ್ಲಿ ಒಂದು ಚೌಕ ಕೊರೆಸಿ, ಟಾರ್ಚ್ ಹಿಡಿದು ಒಳಗೆ ನೋಡಿ.

ನೋಡುವುದಕ್ಕೆ ಇನ್ನೊಂದು ಕಾರಣವೂ ಇದೆ. ನಮ್ಮ ಅಡುಗೆಮನೆಗೆ ಸೀಲಿಂಗ್ ಇರಲಿಲ್ಲ. ಎಷ್ಟೋ ವರ್ಷ ಕಟ್ಟಿಗೆ ಒಲೆ ಉರಿದ ಜಾಗ ಅದು. ಅಲ್ಲಿನ ಪಕಾಸು (ನೆತ್ತಿಯಿಂದ ಗೋಡೆಗೆ ಇಳಿಯುವ ಮರ), ರೀಪು (ಅದರ ಮೇಲೆ ಅಡ್ಡ ಹೊಡೆದ, ಹಂಚು ಹೊರುವ ಪಟ್ಟಿ) ಹೊಗೆ ಕುಡಿದು ಕಪ್ಪಾಗಿದ್ದವು, ಆದರೆ ಉಳಿ ಕೊಟ್ಟರೂ ಸುಲಭಕ್ಕೆ ಇಳಿಯುತ್ತಿರಲಿಲ್ಲ. ಹಜಾರದ ಮರ ನೋಡಲು ಚೆಂದ, ಹೊಗೆ ಸೋಕಿದ್ದಲ್ಲ. ಆದರೆ ಮೂಲೆಯ ಎರಡು ಪಕಾಸುಗಳ ಕಾಲು ಗೆದ್ದಲು ತಿಂದು ಟೊಳ್ಳಾಗಿತ್ತು. ಮೇಲಿಂದ ಸೋರಿದ ನೀರು ಪ್ಲೈವುಡ್ ಮೇಲೆ ನಿಂತು, ಗಾಳಿ ಆಡದೆ ಅಲ್ಲೇ ಉಳಿದಿತ್ತು. ಕೆಳಗಿನವರಿಗೆ ಸೀಲಿಂಗ್ ಬೆಳ್ಳಗೆ ನೀಟಾಗಿ ಕಾಣುತ್ತಿತ್ತು. ಮುಚ್ಚಿದ ಮಾಡು ತನ್ನ ಕಾಯಿಲೆ ಹೇಳಿಕೊಳ್ಳುವುದಿಲ್ಲ. ಇಲ್ಲಿ ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ. ಹಂಚಿನ ಮಾಡು ಅಂದಮೇಲೆ ಪ್ರತಿ ಮಳೆಗಾಲದ ಮುಂಚೆ ಒಂದಷ್ಟು ಹಂಚು ಸರಿಪಡಿಸಲೇಬೇಕು. ಎಲ್ಲಿ ಸೋರುತ್ತದೆ ಅಂತ ಕೆಳಗೆ ನಿಂತೇ ಕಾಣುವಂತಿದ್ದರೆ ಮರ ಉಳಿಯುತ್ತದೆ.

ಇನ್ನು ಅಡ್ಡತೊಲೆಗಳ ವಿಷಯ. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು.

ಪ್ಲೈವುಡ್ ಹೋದ ಮೇಲೆ ಕಂಡದ್ದು ಗೋಡೆಯಿಂದ ಗೋಡೆಗೆ ಚಾಚಿದ ದಪ್ಪ ಮತ್ತಿ ತೊಲೆಗಳು. ಆರೂವರೆ ಅಡಿಗೊಂದರಂತೆ ಸಾಲಾಗಿ ಇವೆ, 9.5 ಅಡಿ ಎತ್ತರದಲ್ಲಿ. ಅದರ ಮೇಲೆ ಖಾಲಿ ಜಾಗ, ಆಮೇಲೆ ಮಾಡು. ಕೊಟೇಶನ್ ಕೊಡಲು ಬಂದ ಒಬ್ಬ ಗುತ್ತಿಗೆದಾರರು ಅವನ್ನು ನೋಡಿದವರೇ, "ಇವು ಸುಮ್ನೆ ಅಡ್ಡ ಬಂದಿವೆ, ಕತ್ತರಿಸಿ ತೆಗೆದರೆ ಚರ್ಚ್ ಥರ ಒಂದೇ ಎತ್ತರ ಸಿಗುತ್ತೆ" ಅಂದರು. ಬೇಕಿದ್ದರೆ ಮೇಲೆ, ನೆತ್ತಿಯ ಹತ್ತಿರ, ಕಬ್ಬಿಣದ ಒಂದು ಪಟ್ಟಿ ಬೆಸುಗೆ ಹಾಕಿ ಕೊಡುತ್ತೇನೆ ಅಂದರು. ತೊಲೆಯ ಮರವನ್ನು ಅವರೇ ಒಯ್ಯುವ ಮಾತೂ ಇತ್ತು.

ಗೋಡೆ ಕೆಲಸಕ್ಕೆ ನಮ್ಮಲ್ಲಿ ಬರುತ್ತಿದ್ದವರು ಗದಗ ಕಡೆಯ ಗೌಂಡಿ. ಗೋವಾದಲ್ಲಿ ಎಲ್ಲೇ ಮನೆ ಕಟ್ಟುತ್ತಿರಲಿ, ಹತ್ತಿರ ಹೋಗಿ ನಿಂತರೆ ವಿಜಯಪುರ, ಬಾಗಲಕೋಟೆ, ಗದಗ, ಕೊಪ್ಪಳದ ಕನ್ನಡ ಕಿವಿಗೆ ಬೀಳುತ್ತದೆ. ಈ ರಾಜ್ಯದ ಎಷ್ಟೋ ಗೋಡೆಗಳನ್ನು ಎಬ್ಬಿಸಿದ ಕೈಗಳು ಅವು. ನಮ್ಮ ಗೌಂಡಿ ಓದಿದ್ದು ಕಡಿಮೆ ಅಂತ ಅವರೇ ಹೇಳುತ್ತಾರೆ. ಅವರು ಏಣಿ ಹತ್ತಿ ತೊಲೆಯ ತುದಿಗೆ ಕೈಯಿಟ್ಟು ನೋಡಿದರು. ತೊಲೆ ಗೋಡೆಯ ತಲೆಯ ಮೇಲೆ ಕೂತ ಜಾಗದಲ್ಲಿ ಪಕಾಸಿನ ಕಾಲು ಅದಕ್ಕೆ ಕಚ್ಚಿಕೊಂಡಿದೆ. ತೊಲೆಯಲ್ಲಿ ಓರೆಯಾಗಿ ಒಂದು ಹಲ್ಲು ಕೊರೆದು, ಪಕಾಸಿನ ತುದಿಯನ್ನು ಅದರೊಳಗೆ ಕೂರಿಸಿ, ಪಕ್ಕದಿಂದ ಮರದ ಬೆಣೆ ಹೊಡೆದಿದ್ದಾರೆ. ಕಬ್ಬಿಣದ ಮೊಳೆ ಒಂದೂ ಇಲ್ಲ. ಆ ಬೆಣೆಯ ತಲೆ ಒತ್ತಿ ಒತ್ತಿ ಒಂದು ಕಡೆಗೆ ಜಜ್ಜಿದಂತಾಗಿತ್ತು, ಅದೂ ಹೊರಗೋಡೆಯ ಕಡೆಗೇ. ಗೌಂಡಿ ಆ ಜಜ್ಜಿದ ಜಾಗದ ಮೇಲೆ ಹೆಬ್ಬೆರಳು ಆಡಿಸಿ ಹೇಳಿದರು: "ಅಕ್ಕಾರ, ಇದು ಸುಮ್ಮ ಕುಂತಿಲ್ರೀ. ದುಡಿಯಾಕತ್ತೈತಿ. ಇದನ್ನ ತಗದ್ರ ಎರಡೂ ಗ್ವಾಡಿ ಮಾರಿ ತಿರುವಿ ಹೊಂಟು ಹೊಕ್ಕಾವು."

ಆಮೇಲೆ ಮಡಗಾಂವ್‌ನ ಒಬ್ಬ ಸ್ಟ್ರಕ್ಚರಲ್ ಎಂಜಿನಿಯರ್‌ಗೆ ತೋರಿಸಿದೆವು. ಅವರು ಹೇಳಿದ್ದೂ ಅದನ್ನೇ, ಕಾಗದದ ಮೇಲೆ ಲೆಕ್ಕ ಬರೆದು. ಮಡಚುವ ಏಣಿಯನ್ನು ನೋಡಿದ್ದೀರಲ್ಲ, ಎರಡು ಕಾಲು ಅಗಲಿಸಿ ನಿಲ್ಲಿಸಿ ನಡುವೆ ಹಗ್ಗ ಕಟ್ಟಿರುತ್ತಾರೆ. ಆ ಹಗ್ಗ ಬಿಚ್ಚಿ ಮೇಲೆ ಹತ್ತಿದರೆ ಕಾಲು ಎರಡೂ ಕಡೆ ಜಾರುತ್ತದೆ. ಹಂಚಿನ ಮಾಡಿನ ಪಕಾಸುಗಳು ಆ ಏಣಿಯ ಕಾಲು, ಅಡ್ಡತೊಲೆ ಆ ಹಗ್ಗ. ಮಂಗಳೂರು ಹಂಚು ಒಂದೊಂದೂ 2ರಿಂದ 3 ಕಿಲೋ. ಒಂದು ಚದರ ಮೀಟರ್ ಮಾಡಿಗೆ ಸುಮಾರು 15 ಹಂಚು. ಮಳೆಯಲ್ಲಿ ನೆನೆದರೆ ತೂಕ ಇನ್ನೂ ಜಾಸ್ತಿ. ಮರ, ಹಂಚು, ನೀರು ಎಲ್ಲ ಸೇರಿ ನಮ್ಮ 16 ಅಡಿ ಅಗಲದ ಮಾಡು ಒಂದೊಂದು ತೊಲೆಯ ತುದಿಯಲ್ಲಿ ಸುಮಾರು 400 ಕಿಲೋದಷ್ಟು ಹೊರಕ್ಕೆ ತಳ್ಳುತ್ತದೆ ಅಂತ ಅವರ ಲೆಕ್ಕ. ಗೋಡೆ ಮಣ್ಣಿನ ಗಾರೆಯಲ್ಲಿ ಕಟ್ಟಿದ ಚಿರೇಕಲ್ಲಿನದ್ದು. ಮೇಲಿನಿಂದ ಕೆಳಕ್ಕೆ ಬರುವ ಭಾರವನ್ನು ಅದು ನೂರು ವರ್ಷ ಹೊರುತ್ತದೆ. ಪಕ್ಕಕ್ಕೆ ತಳ್ಳಿದರೆ ತಡೆಯುವ ಶಕ್ತಿ ಅದಕ್ಕಿಲ್ಲ.

ಹಾಗಾದರೆ ಪಟ್ಟಿಯನ್ನು ಮೇಲೆ ಹಾಕುತ್ತೇನೆ ಅಂದ ಗುತ್ತಿಗೆದಾರರ ಮಾತು? ಅದನ್ನೂ ಎಂಜಿನಿಯರ್ ಬಿಡಿಸಿದರು. ತೊಲೆಯನ್ನು ಗೋಡೆಯ ತಲೆಯಿಂದ ಎತ್ತಿ, ಅಲ್ಲಿಂದ ನೆತ್ತಿಯ ತನಕದ ಎತ್ತರದಲ್ಲಿ ಅರ್ಧಕ್ಕೆ ಕಟ್ಟಿದರೆ, ಅದರ ಮೇಲೆ ಬೀಳುವ ಎಳೆತ ದುಪ್ಪಟ್ಟಾಗುತ್ತದೆ. ಜೊತೆಗೆ ಪಕಾಸಿನ ಕೆಳಭಾಗ ಹಿಡಿತವಿಲ್ಲದೆ ಬಾಗುತ್ತದೆ. ನೆತ್ತಿಗೆ ಹತ್ತಿರ ಹೋದಷ್ಟೂ ಪರಿಸ್ಥಿತಿ ಕೆಡುತ್ತದೆ. ಅಲ್ಲಿ ಹಾಕುವ ಪಟ್ಟಿ ಗಾಳಿಗೆ ನೆತ್ತಿ ಬಿಚ್ಚಿಕೊಳ್ಳದಂತೆ ನೋಡಿಕೊಳ್ಳಬಹುದು, ಗೋಡೆ ಹೊರಗೆ ಹೋಗುವುದನ್ನು ತಡೆಯಲಾರದು. ಏರಿಸಲೇಬೇಕು ಅಂದರೆ ಗೋಡೆಯಿಂದ ನೆತ್ತಿಯ ತನಕದ ಎತ್ತರದಲ್ಲಿ ಕೆಳಗಿನ ಮೂರನೇ ಒಂದು ಭಾಗದ ಒಳಗೇ ಇರಬೇಕು, ಅದೂ ಪಕಾಸು ಎಷ್ಟು ದಪ್ಪ ಅಂತ ಲೆಕ್ಕ ಮಾಡಿ. ಮರದ ತೊಲೆ ಕಣ್ಣಿಗೆ ಭಾರ ಅನ್ನಿಸುವವರಿಗೆ ಇನ್ನೊಂದು ದಾರಿ ಇದೆ. ಅದೇ ಜಾಗದಲ್ಲಿ, ಅದೇ ಮಟ್ಟದಲ್ಲಿ, ತೆಳ್ಳಗಿನ ಉಕ್ಕಿನ ಸರಳು ಹಾಕಿ ಬಿಗಿ ಮಾಡಬಹುದು. ಎಳೆಯುವ ಕೆಲಸಕ್ಕೆ ಉಕ್ಕು ಬೆರಳು ದಪ್ಪ ಇದ್ದರೂ ಸಾಕಾಗುತ್ತದೆ. ನಾವು ಮರವನ್ನೇ ಉಳಿಸಿಕೊಂಡೆವು. ಅಂಥ ಮತ್ತಿ ಈಗ ಎಲ್ಲಿ ಸಿಗುತ್ತದೆ?

ತಲೆ ಮೇಲೆ ಕಾಣುವ ಪ್ರತಿಯೊಂದನ್ನೂ ನೋಡಿ ನಾನು ಈಗ ಕೇಳಿಕೊಳ್ಳುವುದು ಒಂದೇ. ಇದು ಬರೀ ಮುಚ್ಚಿರುವುದೋ, ಅಥವಾ ಏನನ್ನಾದರೂ ಹಿಡಿದಿರುವುದೋ? ಮುಚ್ಚಿರುವುದನ್ನು ಧೈರ್ಯವಾಗಿ ತೆಗೆಯಿರಿ. ಹಿಡಿದಿರುವುದನ್ನು ಮುಟ್ಟುವ ಮೊದಲು, ಅದರ ಕೆಲಸವನ್ನು ಇನ್ಯಾರು ಮಾಡುತ್ತಾರೆ ಅಂತ ಗೊತ್ತು ಮಾಡಿಕೊಳ್ಳಿ. ಗುತ್ತಿಗೆದಾರರ ಮಾತು ನಂಬಿ ತೊಲೆ ಕತ್ತರಿಸಿದ ಮನೆ ಒಂದನ್ನು ಇದೇ ಸಾಷ್ಟಿಯಲ್ಲಿ ನೋಡಿದ್ದೇನೆ. ಗೋಡೆಯ ತಲೆ ಹೊರಕ್ಕೆ ವಾಲಿ, ಕಿಟಕಿಯ ಮೂಲೆಯಿಂದ ಮೇಲಕ್ಕೆ ಕೈ ತೂರುವಷ್ಟು ಬಿರುಕು. ಆ ಮನೆಯವರು ಬಾಡಿಗೆ ಮನೆಗೆ ಹೋಗಿದ್ದಾರೆ. ಈ ಬರಹ ಓದಿ ಒಬ್ಬರಾದರೂ ಗರಗಸ ಕೆಳಗಿಟ್ಟರೆ ನನಗೆ ಅಷ್ಟು ಸಾಕು.

ಅಡುಗೆಮನೆಯ ಕಥೆ ಬೇರೆ. ಅಲ್ಲಿ ತೆಗೆಯಲು ಸೀಲಿಂಗೇ ಇರಲಿಲ್ಲ, ಆದರೂ ಮನೆಯಲ್ಲಿ ಅತ್ಯಂತ ತಗ್ಗು ಜಾಗ ಅದೇ. ಹಜಾರದ ಮಾಡು ಹಾಗೇ ಹಿಂದಕ್ಕೆ ಇಳಿದು ಬಂದು ಅಡುಗೆಮನೆಯನ್ನೂ ಮುಚ್ಚುತ್ತದೆ. ಕರಾವಳಿಯ ಹಳೇ ಮನೆಗಳಲ್ಲಿ ಹೀಗೇ, ಹಿಂದೆ ಹೋದಷ್ಟೂ ತಗ್ಗು. ಗಂಡಸರು ಕೂರುವ ಎದುರಿನ ಜಾಗಕ್ಕೆ ಎತ್ತರ, ಹೆಂಗಸರು ದಿನವಿಡೀ ನಿಲ್ಲುವ ಹಿಂದಿನ ಜಾಗಕ್ಕೆ ಸೂರು. ಕುಮಟೆಯಲ್ಲಿ ನನ್ನ ಅಜ್ಜಿಯ ಅಡುಗೆಮನೆಯೂ ಹಾಗೇ ಇತ್ತು. ನಮ್ಮ ಅತ್ತೆಯವರು ಇಲ್ಲಿ ಪಾತ್ರೆ ತೊಳೆಯುವಾಗ ಕತ್ತು ಬಗ್ಗಿಸಿ ನಿಲ್ಲುವುದು ನೋಡಿ, ಬೇರೆ ಏನಾಗದಿದ್ದರೂ ಇದೊಂದು ಆಗಲೇಬೇಕು ಅಂತ ನಾನು ಹಟ ಹಿಡಿದೆ.

ಅಳತೆ ಹೀಗಿತ್ತು. ಅಡುಗೆಮನೆಯ ನೆಲ ಹಜಾರಕ್ಕಿಂತ ಒಂದೂವರೆ ಅಡಿ ಕೆಳಗೆ. ಒಳಗೋಡೆಯ ಹತ್ತಿರ ಎತ್ತರ 11 ಅಡಿ. ಅಲ್ಲಿಂದ 8 ಅಡಿ ಆಚೆ ಹೊರಗೋಡೆ, ಅಲ್ಲಿ ಆರೂವರೆ ಅಡಿಯೂ ಇಲ್ಲ. ಸರಾಸರಿ ತೆಗೆದರೆ ಎಂಟೂಮುಕ್ಕಾಲು ಅಡಿ ಆಗುತ್ತದೆ, ತೀರಾ ಕೆಟ್ಟದ್ದಲ್ಲ. ಆದರೆ ಸಿಂಕು, ಒಲೆ, ಕಿಟಕಿ ಎಲ್ಲ ಇರುವುದು ಆ ತಗ್ಗು ಗೋಡೆಗೇ ಅಂಟಿಕೊಂಡು. ಹೊರಗೋಡೆ ಎರಡು ಅಡಿ ಎತ್ತರಿಸಿಬಿಡಿ ಅಂತ ಎಲ್ಲರೂ ಅಂದರು. ಲೆಕ್ಕ ಹಾಕಿ ನೋಡಿ. ಒಳಗಿನ ತುದಿ ಇದ್ದಲ್ಲೇ ಇದ್ದು ಹೊರಗಿನದು ಎರಡು ಅಡಿ ಮೇಲೆ ಹೋದರೆ ಇಳಿಜಾರು 30ರಿಂದ 18 ಡಿಗ್ರಿಗೆ ಬೀಳುತ್ತದೆ. ಮಂಗಳೂರು ಹಂಚು ಒಂದರ ಮೇಲೊಂದು ಸ್ವಲ್ಪವೇ ಹತ್ತಿ ಕೂರುವಂಥದ್ದು. ನೀರು ಬೇಗ ಇಳಿದು ಹೋಗಲಿ ಅಂತಲೇ ಆ ಇಳಿಜಾರು. ಮಾಡು ಚಪ್ಪಟೆ ಆದರೆ ಜುಲೈ ತಿಂಗಳ ಗಾಳಿ ಮಳೆ ನೀರನ್ನು ಹಂಚಿನ ಸಂದಿಯಲ್ಲಿ ಮೇಲಕ್ಕೇ ತಳ್ಳಿ ಒಳಗೆ ಸುರಿಸುತ್ತದೆ. ಆಮೇಲೆ ಜನ ಅದರ ಮೇಲೆ ತಗಡಿನ ಶೀಟು ಹಾಕುತ್ತಾರೆ. ಗೋವಾದಲ್ಲಿ ಈಗ ಎಷ್ಟು ಹಂಚಿನ ಮನೆಗಳ ಮೇಲೆ ನೀಲಿ ತಗಡು ಕೂತಿದೆ ನೋಡಿ. ಅದರ ಕೆಳಗೆ ಮಳೆ ಬಂದರೆ ಮಾತು ಕೇಳುವುದಿಲ್ಲ, ಬಿಸಿಲು ಬಂದರೆ ಕೂರಲಾಗುವುದಿಲ್ಲ.

ನಮ್ಮ ಬಡಗಿ 25 ಡಿಗ್ರಿಗಿಂತ ಕೆಳಗೆ ನಾನು ಹಂಚು ಹೊದಿಸುವುದಿಲ್ಲ ಅಂತ ಖಡಾಖಂಡಿತ ಹೇಳಿದರು. ಆ ಗೆರೆ ದಾಟದೆ ಎಷ್ಟು ಏರಿಸಬಹುದು ಅಂತ ನೋಡಿದರೆ ಮುಕ್ಕಾಲು ಅಡಿ. ಚಿರೇಕಲ್ಲಿನ ಒಂದೇ ಒಂದು ಸಾಲು. ಅಷ್ಟನ್ನೇ ಮಾಡಿದೆವು. ಹೊರಗೋಡೆಯ ಹತ್ತಿರ ಈಗ 7 ಅಡಿ 2 ಇಂಚು.  ಸರಾಸರಿ ಕೋಡ್ ಹೇಳುವ 9 ಅಡಿ ದಾಟಿತು. ಕೇಳಲು ಮುಕ್ಕಾಲು ಅಡಿ ಅಂದರೆ ಏನೂ ಅಲ್ಲ ಅನ್ನಿಸುತ್ತದೆ, ಅಲ್ವಾ? ಆ ಒಂದು ಸಾಲು ಕಲ್ಲಿನಿಂದ ಕಿಟಕಿಯನ್ನು ಮೇಲೆ ಎತ್ತಲು ಜಾಗ ಸಿಕ್ಕಿತು. ಸಿಂಕಿನ ನೇರಕ್ಕೆ ನಾಲ್ಕು ಗಾಜಿನ ಹಂಚು ಹಾಕಿಸಿದೆವು. ಅತ್ತೆಯವರು ಈಗ ನೆಟ್ಟಗೆ ನಿಂತು ಮೀನು ತೊಳೆಯುತ್ತಾರೆ, ಬೆಳಿಗ್ಗೆ ಲೈಟು ಹಾಕದೆ.

ಮಾಡು ಏರಿಸುವುದು ಬೇಡ, ನೆಲ ಇಳಿಸಿದರೆ ಆಯಿತಲ್ಲ ಅನ್ನುವವರೂ ಇದ್ದಾರೆ. ಗೋವಾದ ಹಳೇ ಮನೆಗಳ ಪಂಚಾಂಗ (ಮನೆ ಕೂತಿರುವ ನೆಲಗಟ್ಟು) ಎರಡು ಮೂರು ಅಡಿ ಎತ್ತರ ಇರುವುದರಿಂದ ಇದು ಸುಲಭ ಅಂತ ತೋರುತ್ತದೆ. ನನಗೆ ಇದು ಸರಿ ಕಾಣುವುದಿಲ್ಲ. ಆ ಪಂಚಾಂಗ ಎತ್ತರ ಇರುವುದು ಮಳೆಗೋಸ್ಕರ. ಚಿರೇಕಲ್ಲು ನೀರನ್ನು ಹೀರಿ ಮೇಲಕ್ಕೆ ಎಳೆಯುತ್ತದೆ. ನೆಲ ಅಂಗಳದ ಮಟ್ಟಕ್ಕೆ ಬಂತು ಅಂದರೆ ಆ ತೇವ ನೇರ ಕೋಣೆಗೆ. ಅದಕ್ಕಿಂತಲೂ ಕೆಳಗೆ ಅಗೆದರೆ ಪಾಯದ ಬುಡ ಬಿಚ್ಚಿಕೊಳ್ಳುತ್ತದೆ. ಪಾಯದ ಕೆಳಗೆ ಹೋಗಲೇಬೇಕಾದರೆ ಗೋಡೆಯ ಉದ್ದಕ್ಕೂ ಒಮ್ಮೆಗೇ ಅಗೆಯಬಾರದು. ಒಂದು ಮೀಟರ್‌ನಷ್ಟು ಅಗೆದು, ಕಾಂಕ್ರೀಟ್ ತುಂಬಿ, ಅದು ಗಟ್ಟಿಯಾದ ಮೇಲೆ, ಪಕ್ಕದ್ದನ್ನು ಬಿಟ್ಟು ದೂರದ ಇನ್ನೊಂದು ತುಂಡು ಅಗೆಯಬೇಕು. ಕಲಿತ ಎಂಜಿನಿಯರ್ ಎದುರು ನಿಂತು ಮಾಡಿಸುವ ಕೆಲಸ ಅದು.

ನೆಲ ಮತ್ತು ಮಾಡಿನ ನಡುವಿನ ಈ ಎಳೆದಾಟವನ್ನು ನಾನು ಮೊದಲು ನೋಡಿದ್ದು ಮುಂಬೈಯಲ್ಲಿ, ಕುರ್ಲಾದ ಚಾಳ್‌ನಲ್ಲಿದ್ದ ಸೋದರಮಾವನ ಮನೆಯಲ್ಲಿ. ಮಾವ ಹೋಟೆಲ್ ಕೆಲಸಕ್ಕೆ ಅಂತ ಹೋದವರು. ಕೆಳಮಹಡಿಯ ಒಂದು ಕೋಣೆ, ಒಳಗೆ ಒಂದು ಪೋಟ್‌ಮಾಳಾ, ಅಂದರೆ ಕೋಣೆಯೊಳಗೇ ಕಟ್ಟಿದ ಅಟ್ಟ. ಎದುರಿನ ರಸ್ತೆಗೆ ಡಾಂಬರು ಹಾಕಿದಾಗಲೆಲ್ಲ ರಸ್ತೆ ಸ್ವಲ್ಪ ಏರುತ್ತಿತ್ತು. ಹಳೇ ಪದರ ತೆಗೆಯದೆ ಮೇಲೆ ಮೇಲೆ ಹಾಕುತ್ತಿದ್ದರು. ಮೊದಲು ಹೊಸ್ತಿಲು ಎತ್ತರಿಸಿದರು. ಆಮೇಲೆ 2005ರ ಜುಲೈ 26 ಬಂತು. ಒಂದೇ ದಿನ ಸಾಂತಾಕ್ರೂಜ್‌ನಲ್ಲಿ 944 ಮಿಲಿಮೀಟರ್ ಮಳೆ. ಮಾವನ ಕೋಣೆಯಲ್ಲಿ ಎದೆಮಟ್ಟ ನೀರು. ಮಾರನೇ ವರ್ಷ ಅವರು ಇಟ್ಟಿಗೆ ಚೂರು ತುಂಬಿಸಿ ನೆಲವನ್ನೇ ಎರಡು ಅಡಿ ಏರಿಸಿದರು. ಸೀಲಿಂಗ್ ಫ್ಯಾನ್ ಬಿಚ್ಚಿ ಗೋಡೆಗೆ ಫ್ಯಾನ್ ಹಾಕಿದರು. ಬಾಗಿಲಿನ ಚೌಕಟ್ಟು ಹಾಗೇ ಉಳಿಯಿತು, ಬಾಗಿಲನ್ನು ಕೆಳಗಿಂದ ಕುಯ್ದರು. ಪೋಟ್‌ಮಾಳಾದ ಕೆಳಗೆ ಮತ್ತೆ ಯಾರೂ ನಿಂತು ಬಟ್ಟೆ ಹಾಕಿಕೊಳ್ಳಲಾಗಲಿಲ್ಲ. ಎತ್ತರ ಅಂದರೆ ನಮಗೆ ಬೇಕಾದಾಗ ಸೇರಿಸುವಂಥದ್ದು ಅಂತ ನಾವು ಅಂದುಕೊಂಡಿರುತ್ತೇವೆ. ಬಡವರ ಮನೆಯಲ್ಲಿ ಅದನ್ನು ಊರು ಕಸಿದುಕೊಳ್ಳುತ್ತದೆ. ರಸ್ತೆ ಹಾಕುವ ಮೊದಲು ಹಳೇ ಡಾಂಬರು ಕೆರೆದು ತೆಗೆಯುವುದು ದೊಡ್ಡ ವಿದ್ಯೆಯೇನಲ್ಲ.

ಫ್ಲ್ಯಾಟ್‌ನಲ್ಲಿ ಇರುವವರಿಗೆ ಹೇಳಬಹುದಾದದ್ದು ಸ್ವಲ್ಪವೇ. ಮೇಲಿನ ಸ್ಲ್ಯಾಬ್ ನಿಮ್ಮದಲ್ಲ, ಬೀಮ್ ಮುಟ್ಟುವಂತಿಲ್ಲ. ಆದರೆ ಹಳೇ ಫ್ಲ್ಯಾಟ್‌ಗಳಲ್ಲಿ ಟೈಲ್ಸ್ ಮೇಲೆ ಟೈಲ್ಸ್ ಹಾಕಿಕೊಂಡು ಬಂದಿರುತ್ತಾರೆ. ಅದನ್ನು ಮೂಲ ನೆಲದ ತನಕ ತೆಗೆಸಿದರೆ ಎರಡು ಮೂರು ಇಂಚು ಸಿಗಬಹುದು, ಸ್ಲ್ಯಾಬ್ ಮೇಲಿನ ಭಾರವೂ ಇಳಿಯುತ್ತದೆ. ಬಚ್ಚಲುಮನೆಯ ಕಡೆ ಮಾತ್ರ ಹುಷಾರು, ನೀರು ನಿಲ್ಲಿಸುವ ಪದರ ಒಡೆದರೆ ಕೆಳಗಿನವರ ಜೊತೆ ಜಗಳ ಖಾಯಂ.

ನಮ್ಮ ನೆಂಟರಲ್ಲಿ ಅರ್ಧ ಜನರ ಸಲಹೆ ಇನ್ನೂ ನೇರ. ಹಂಚು ಪೂರ್ತಿ ತೆಗೆದು ಸ್ಲ್ಯಾಬ್ ಹಾಕಿ, 11 ಅಡಿ ಎತ್ತರಕ್ಕೆ. ಸೋರುವುದಿಲ್ಲ, ಮಂಗ ಬರುವುದಿಲ್ಲ, ನಾಳೆ ಮೇಲೊಂದು ಮಹಡಿ ಕಟ್ಟಬಹುದು. ಅವರ ಮಾತಿನಲ್ಲಿ ಹುರುಳಿದೆ. ಪ್ರತಿ ವರ್ಷ ಮಾಡು ಹತ್ತಿ ಹಂಚು ಸರಿಮಾಡುವ ಆಳುಗಳು ಈಗ ಸಿಗುವುದೇ ಕಷ್ಟ. ಆದರೂ ನಾನು ಒಪ್ಪಲಿಲ್ಲ. ಮಣ್ಣಿನ ಗಾರೆಯ ಗೋಡೆ ಹಂಚಿನ ಮಾಡಿನ ಭಾರಕ್ಕೆ ಕಟ್ಟಿದ್ದು. ಐದು ಇಂಚಿನ ಕಾಂಕ್ರೀಟ್ ಸ್ಲ್ಯಾಬ್ ಚದರ ಮೀಟರಿಗೆ 300 ಕಿಲೋ ದಾಟುತ್ತದೆ, ಹಂಚಿನ ಮಾಡು ಮರವೂ ಸೇರಿ ಅದರ ಮೂರನೇ ಒಂದು ಭಾಗಕ್ಕಿಂತ ಕಡಿಮೆ. ಸೆಕೆಯ ವಿಷಯದಲ್ಲೂ ಎತ್ತರ ಒಂದೇ ಕಾಪಾಡುವುದಿಲ್ಲ. ಹಗಲೆಲ್ಲ ಕಾದ ಸ್ಲ್ಯಾಬ್ ಮಧ್ಯರಾತ್ರಿ ತನಕ ಬಿಸಿಯನ್ನು ಕೆಳಗೆ ಬಿಡುತ್ತಲೇ ಇರುತ್ತದೆ. ಹಂಚು ಬೇಗ ಕಾಯುತ್ತದೆ, ಸಂಜೆಯಾದರೆ ಬೇಗ ಆರುತ್ತದೆ, ಸಂದಿಯಲ್ಲಿ ಬಿಸಿ ಗಾಳಿ ಹೊರಗೆ ಹೋಗುತ್ತದೆ.

ಆದರೆ ಹಜಾರದ ಪ್ಲೈವುಡ್ ತೆಗೆದ ಮೇಲೆ ಮಧ್ಯಾಹ್ನದ ಹೊತ್ತು ಹಂಚಿನ ಕಾವು ನೇರವಾಗಿ ತಲೆಗೆ ಬಡಿಯತೊಡಗಿತು. ಇದಕ್ಕೆ ಕರಾವಳಿಯಲ್ಲಿ ಹಳೇ ಉಪಾಯ ಒಂದಿದೆ. ರೀಪಿನ ಮೇಲೆ ಮೊದಲು ಚಪ್ಪಟೆ ಸೀಲಿಂಗ್ ಹಂಚು ಹಾಸಿ, ಅದರ ಮೇಲೆ ಸಂದಿ ಬಿಟ್ಟು ಮಂಗಳೂರು ಹಂಚು ಹೊದಿಸುವುದು. ಎರಡು ಹಂಚಿನ ನಡುವೆ ಗಾಳಿ ಆಡುತ್ತದೆ, ಮೇಲಿನ ಕಾವು ಅಲ್ಲೇ ತಡೆಯುತ್ತದೆ. ಕೆಳಗಿಂದ ನೋಡಲು ಕೆಂಪಗೆ ಚೊಕ್ಕವಾಗಿ ಕಾಣುತ್ತದೆ, ಇಳಿಜಾರಿನ ಎತ್ತರವೂ ಪೂರ್ತಿ ಉಳಿಯುತ್ತದೆ. ಭಾರ ಜಾಸ್ತಿ ಆಗುವುದರಿಂದ ತೊಲೆ, ಪಕಾಸು ಹೊರುತ್ತವೆಯೇ ಅಂತ ಎಂಜಿನಿಯರ್‌ಗೆ ಕೇಳಿಯೇ ಹಾಕಿಸಿದ್ದು. ಟೊಳ್ಳಾಗಿದ್ದ ಎರಡು ಪಕಾಸು ಬದಲಾದವು, ರೀಪುಗಳೆಲ್ಲ ಹೊಸದು. ನೆತ್ತಿಯ ಕೆಳಗೆ ತ್ರಿಕೋನದ ಗೋಡೆಯಲ್ಲಿ ಎರಡೂ ಕಡೆ ಜಾಲರಿ ಇಟ್ಟು ಬಿಸಿ ಗಾಳಿಗೆ ದಾರಿ ಮಾಡಿದೆವು. ಬಿಸಿ ಗಾಳಿ ಮೇಲೇರುತ್ತದೆ ನಿಜ, ಆದರೆ ಮೇಲೆ ಕಿಂಡಿ ಇಲ್ಲದಿದ್ದರೆ ಅದು 14 ಅಡಿ ಎತ್ತರದಲ್ಲೂ ಹಾಗೇ ನಿಂತಿರುತ್ತದೆ. ಫ್ಯಾನನ್ನು ಎರಡು ತೊಲೆಗಳ ನಡುವೆ ಪೈಪ್ ಹಾಕಿ ಅಲ್ಲಿಂದ ಇಳಿಬಿಟ್ಟೆವು, ರೆಕ್ಕೆ ನೆಲದಿಂದ 9 ಅಡಿಯ ಹತ್ತಿರ ಇರುವ ಹಾಗೆ. ಮಾಡು ಎತ್ತರ ಅಂತ ಫ್ಯಾನನ್ನೂ ನೆತ್ತಿಗೆ ಕಟ್ಟಿದರೆ ಗಾಳಿ ಕೆಳಗೆ ಮುಟ್ಟುವುದೇ ಇಲ್ಲ.

ಮಲಗುವ ಚಿಕ್ಕ ಕೋಣೆಗೆ ಹಳೇ ಮರದ ಮುಚ್ಚಿಗೆ ಇದೆ, ಎಂಟೂವರೆ ಅಡಿಯಲ್ಲಿ. ಅದನ್ನು ತೆಗೆಯಲಿಲ್ಲ. ಹಲಗೆಯ ಸಂದಿಗಳಲ್ಲಿ ಗಾಳಿ ಆಡುತ್ತದೆ, ಅಟ್ಟಕ್ಕೆ ಹತ್ತಲು ಬಾಗಿಲಿದೆ, ಮೇಲೆ ಹೋಗಿ ಮರ ನೋಡಿ ಬರಬಹುದು. ಎಲ್ಲ ಕೋಣೆಯೂ ಎತ್ತರ ಇರಬೇಕು ಅಂತ ನನಗೆ ಅನ್ನಿಸುವುದಿಲ್ಲ. ಪೊರ್ವೊರಿಮ್ ಹತ್ತಿರ ಟೋರ್ಡಾದಲ್ಲಿ ವಾಸ್ತುಶಿಲ್ಪಿ ಜೆರಾರ್ಡ್ ದ ಕುನ್ಹಾ ಮಾಡಿರುವ ಹೌಸಸ್ ಆಫ್ ಗೋವಾ ಮ್ಯೂಸಿಯಂ ಇದೆ. ಮನೆ ರಿಪೇರಿಗೆ ಇಳಿಯುವವರು ಮೊದಲು ಅಲ್ಲಿಗೆ ಒಮ್ಮೆ ಹೋಗಿ ಬನ್ನಿ. ಬಾಗಿಲು, ಕಿಟಕಿ, ಮಾಡು ಯಾವುದು ಯಾಕೆ ಹಾಗಿದೆ ಅಂತ ಕಣ್ಣು ಪಳಗುತ್ತದೆ.

ಕಾಗದಪತ್ರದ ಮಾತೂ ಹೇಳಿಬಿಡುತ್ತೇನೆ. ಒಡೆದ ಹಂಚು ಬದಲಿಸುವುದು ಬೇರೆ, ಗೋಡೆ ಎತ್ತರಿಸುವುದು ಬೇರೆ. ಎರಡನೆಯದಕ್ಕೆ ನಕ್ಷೆ ಸಹಿತ ಮೊದಲೇ ಪಂಚಾಯತ್‌ನಲ್ಲಿ ಕೇಳಿ, ಒಂದೇ ಸಾಲು ಕಲ್ಲಾದರೂ ಸರಿ. ಪಣಜಿಯ ಫೊಂಟೇನ್ಹಾಸ್‌ನಂಥ ಸಂರಕ್ಷಿತ ಜಾಗದಲ್ಲಿ ಮನೆ ಇದ್ದರೆ ಹೊರಗಿನ ನೋಟವನ್ನು ಮನಸ್ಸಿಗೆ ಬಂದಂತೆ ಬದಲಿಸುವಂತಿಲ್ಲ. ಅದು ಒಳ್ಳೆಯದೇ ಅಂತ ನನ್ನ ಅಭಿಪ್ರಾಯ. ಮಾಡು ಬಿಚ್ಚುವ ಕೆಲಸ ದೀಪಾವಳಿ ಕಳೆದ ಮೇಲೆ ಶುರು ಮಾಡಿ. ಜೂನ್ ಮೊದಲ ವಾರಕ್ಕೆ ಇಲ್ಲಿ ಮಳೆಗಾಲ ಹಿಡಿಯುತ್ತದೆ, ಏಪ್ರಿಲ್ ಮುಗಿಯುವುದರೊಳಗೆ ಕೊನೆಯ ಹಂಚು ಕೂತಿರಬೇಕು. ಮೇ ತಿಂಗಳಲ್ಲಿ ಕೆಲಸದವರೆಲ್ಲ ಊರಿಗೆ ಹೋಗುತ್ತಾರೆ, ಜಾತ್ರೆ, ಮದುವೆ ಅಂತ.

ನಮ್ಮಲ್ಲಿ ಇನ್ನು ಉಳಿದಿರುವುದು ಬಾವಿಕಟ್ಟೆ ಪಕ್ಕದ ಬಚ್ಚಲು. ಅದಕ್ಕೆ ಯಾವುದೋ ಕಾಲದಲ್ಲಿ ಆರು ಅಡಿಗೆ ಸ್ಲ್ಯಾಬ್ ಹಾಕಿಬಿಟ್ಟಿದ್ದಾರೆ, ಸರಳು ತುಕ್ಕು ಹಿಡಿದು ಕಾಂಕ್ರೀಟ್ ಉದುರುತ್ತಿದೆ. ಅದು ಯಾವುದನ್ನೂ ಹಿಡಿದು ನಿಂತಿಲ್ಲ ಅಂತ ಎಂಜಿನಿಯರ್ ನೋಡಿ ಹೇಳಿದ್ದಾರೆ. ಒಡೆದು, ಎರಡು ಸಾಲು ಕಲ್ಲು ಏರಿಸಿ, ಹಂಚು ಹೊದಿಸುವುದು ಅಂತ ಆಗಿದೆ. ಗೌಂಡಿ ದಸರೆಗೆ ಊರಿಗೆ ಹೋಗುತ್ತಾರೆ. ವಾಪಸ್ ಬಂದ ಕೂಡಲೇ ಬೇರೆ ಕಡೆ ಒಪ್ಪಿಕೊಳ್ಳದೆ ನಮ್ಮಲ್ಲಿಗೇ ಬನ್ನಿ ಅಂತ ಈಗಲೇ ಹೇಳಿಟ್ಟಿದ್ದೇನೆ.